ಮದ್ದಿನ ಲೆಕ್ಕ, ನಳಿಗೆಯ ಒತ್ತಡ

ಕಡಲೆಕಾಯಿ ಬಲಿಯುವ ಹೊತ್ತಿಗೆ ಬರಗೂರಿನಿಂದ ಹಿಡಿದು ಪಾವಗಡ, ಮಧುಗಿರಿ, ಕೊರಟಗೆರೆವರೆಗೆ ಹೊಲಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಹಂದಿ ಹಿಂಡು ಒಂದು ರಾತ್ರಿ ನುಗ್ಗಿತೆಂದರೆ ಮೂರು ತಿಂಗಳ ಬೆವರು ಮಣ್ಣುಪಾಲು. ಗುಡ್ಡದಂಚಿನ ಊರುಗಳಲ್ಲಿ ಕರಡಿಯ ಭಯ ಬೇರೆ. ತಮಟೆ, ಪಟಾಕಿ, ಟಾರ್ಚುಗಳ ಜೊತೆಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯೂ ಕೆಲವು ಮನೆಗಳಲ್ಲಿ ಉಂಟು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಮತ್ತೆ ಮನೆಗೆ ಮರಳುವ ಕೋವಿಗಳಿವು. ಅವುಗಳಲ್ಲಿ ತೀರಾ ಹಳೆಯವು ಕೇಪಿನ ಕೋವಿಗಳು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗಜದಿಂದ ಇಡಿದು, ಮೇಲೆ ಚರೆ ಹಾಕಬೇಕು. ಮದ್ದು ಎಷ್ಟು ಎಂದು ಕೇಳಿದರೆ ಹಳಬರು ಬೆರಳು ತೋರಿಸುತ್ತಾರೆ: ಗಜ ನಳಿಗೆಯಿಂದ ಇಷ್ಟು ಬೆರಳು ಮೇಲೆ ನಿಲ್ಲಬೇಕು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಅಳತೆ ಇದು. ಆ ಕೋವಿಯಲ್ಲಿ ಪ್ರತಿಯೊಂದು ಈಡೂ ಕೈಯಿಂದ ತುಂಬಿದ ಈಡೇ.

ಹೀಗೆ ಕೈಯಿಂದ ತುಂಬುವ ಕೆಲಸ ಅಮೆರಿಕ, ಜರ್ಮನಿಯಂಥ ದೇಶಗಳಲ್ಲಿ ಇವತ್ತೂ ದೊಡ್ಡ ಹವ್ಯಾಸ. ಅಲ್ಲಿ ತುಂಬುವುದು ನಳಿಗೆಗಲ್ಲ, ಹಾರಿಸಿ ಉಳಿದ ಹಿತ್ತಾಳೆ ಕೇಸಿಗೆ. ಹಳೆಯ ಕೇಪು ತೆಗೆದು ಹೊಸ ಕೇಪು ಕೂರಿಸಿ, ಮದ್ದು ತೂಗಿ, ಗುಂಡು ಒತ್ತಿ, ತಮ್ಮ ರೈಫಲ್ಲಿಗೆ ಒಪ್ಪುವ ತೋಟಾ ತಾವೇ ತಯಾರಿಸಿಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಅವರ ಮೇಜಿನ ಮೇಲೆ ತಕ್ಕಡಿಯ ಪಕ್ಕ ಲ್ಯಾಪ್‌ಟಾಪೂ ಬಂದು ಕೂತಿದೆ. ‘ಕ್ವಿಕ್‌ಲೋಡ್’, ‘ಗಾರ್ಡನ್ಸ್ ರೀಲೋಡಿಂಗ್ ಟೂಲ್’ ಎಂಬ ಸಾಫ್ಟ್‌ವೇರುಗಳು ಮದ್ದಿನ ಜಾತಿ, ಗುಂಡಿನ ತೂಕ, ನಳಿಗೆಯ ಉದ್ದ ಕೇಳಿಕೊಂಡು, ಗುಂಡು ಎಷ್ಟು ವೇಗದಲ್ಲಿ ಹೊರಬೀಳುತ್ತದೆ, ಒಳಗೆ ಎಷ್ಟು ಒತ್ತಡ ಏಳುತ್ತದೆ ಎಂದು ಕ್ಷಣದಲ್ಲಿ ಹೇಳುತ್ತವೆ. ನಮ್ಮ ಯುವಕರೂ ಯೂಟ್ಯೂಬಿನಲ್ಲಿ ಇದನ್ನೆಲ್ಲ ನೋಡುತ್ತಿದ್ದಾರೆ. ಈ ಲೆಕ್ಕ ಎಂಥದು, ಅದನ್ನು ಎಷ್ಟು ನಂಬಬಹುದು ಎಂಬುದು ನಮ್ಮ ಸೀಮೆಯ ಓದುಗರಿಗೂ ಗೊತ್ತಿರಬೇಕು. ಏಕೆಂದರೆ ಬೆರಳಳತೆಯನ್ನು ಕಣ್ಣುಮುಚ್ಚಿ ನಂಬುವುದರಲ್ಲಿ ಯಾವ ಅಪಾಯವಿದೆಯೋ ಪರದೆಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದರಲ್ಲೂ ಅದೇ ಅಪಾಯವಿದೆ.

ಮೊದಲು ನಳಿಗೆಯೊಳಗೆ ನಡೆಯುವುದೇನು ನೋಡೋಣ. ಮದ್ದು ಸಿಡಿಯುತ್ತದೆ ಎನ್ನುತ್ತೇವೆ. ನಿಜಕ್ಕೂ ಅದು ಉರಿಯುತ್ತದೆ, ಬಹಳ ಬೇಗ ಉರಿಯುತ್ತದೆ. ದಿಮ್ಮಿಯನ್ನು ಹಾಗೇ ಒಲೆಗಿಟ್ಟರೆ ನಿಧಾನ, ಅದನ್ನೇ ಸೀಳಿ ಚಕ್ಕೆ ಮಾಡಿ ಇಟ್ಟರೆ ಭಗ್ಗೆಂದು ಉರಿ. ಮದ್ದಿನ ಕಾಳಿನ ಗಾತ್ರ, ಆಕಾರಗಳಿಗೂ ಇದೇ ನಿಯಮ. ಬೆಂಕಿ ತಾಗುವ ಮೈ ಹೆಚ್ಚಿದಷ್ಟೂ ಅನಿಲ ಹುಟ್ಟುವ ವೇಗ ಹೆಚ್ಚು. 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಸೇರಿದ ಕರಿಮದ್ದು ನೂರಾರು ವರ್ಷ ಜಗತ್ತನ್ನು ಆಳಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದು ಕಂಡುಹಿಡಿದ. ಇವತ್ತಿನ ತೋಟಾಗಳಲ್ಲಿರುವುದು ಅದರ ಸಂತತಿ. ಅದೇ ವಿಯೆಲ್ ಇನ್ನೊಂದು ಮುಖ್ಯ ವಿಷಯವನ್ನೂ ಸೂತ್ರಕ್ಕೆ ಇಳಿಸಿದ: ಸುತ್ತಲಿನ ಒತ್ತಡ ಏರಿದಂತೆ ಮದ್ದು ಉರಿಯುವ ವೇಗವೂ ಏರುತ್ತದೆ.

ಈ ಒಂದು ಮಾತಿನಲ್ಲಿ ಇಡೀ ವಿಷಯದ ಅಪಾಯ ಅಡಗಿದೆ. ಮದ್ದು ಉರಿದರೆ ಅನಿಲ. ಅನಿಲ ಹೆಚ್ಚಿದರೆ ಒತ್ತಡ. ಒತ್ತಡ ಹೆಚ್ಚಿದರೆ ಇನ್ನೂ ಜೋರಾಗಿ ಉರಿ. ಅದರಿಂದ ಇನ್ನಷ್ಟು ಅನಿಲ. ಈ ಸುತ್ತನ್ನು ತಡೆಯುವುದು ಗುಂಡಿನ ಚಲನೆಯೊಂದೇ. ಗುಂಡು ಮುಂದೆ ಸರಿದಂತೆ ಹಿಂದೆ ಜಾಗ ದೊಡ್ಡದಾಗಿ ಒತ್ತಡ ಇಳಿಯುತ್ತದೆ. ರೈಫಲ್ಲಿನಲ್ಲಿ ಗುಂಡು ಕೆಲವೇ ಸೆಂಟಿಮೀಟರ್ ಸರಿಯುವಷ್ಟರಲ್ಲಿ ಒತ್ತಡ ತುದಿ ಮುಟ್ಟಿರುತ್ತದೆ. ಆರಂಭದಿಂದ ಗುಂಡು ಹೊರಬೀಳುವವರೆಗೆ ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗ. ಮದ್ದು ಎರಡು ಪಟ್ಟಾದರೆ ಒತ್ತಡ ಎರಡು ಪಟ್ಟು ಎಂಬ ನೇರ ಲೆಕ್ಕ ಇಲ್ಲಿ ನಡೆಯದು. ರೈಫಲ್ ತೋಟಾದಲ್ಲಿ ಮದ್ದು ನೂರಕ್ಕೆ 5ರಷ್ಟು ಏರಿದರೆ ಒತ್ತಡ ನೂರಕ್ಕೆ 10ಕ್ಕೂ ಮೀರಿ ಏರುವುದು ಸಾಮಾನ್ಯ. ವೇಗ ಮಾತ್ರ ಅಷ್ಟು ಏರುವುದಿಲ್ಲ. ಹಾರಿಸಿದವನಿಗೆ ಹೊರಗೆ ಸಿಗುವ ಲಾಭ ಸ್ವಲ್ಪ, ಒಳಗೆ ಉಕ್ಕು ತಡೆದುಕೊಳ್ಳಬೇಕಾದ ಭಾರ ಬಹಳ. ‘ಇನ್ನೊಂದು ಚಿಟಿಕೆ ಹಾಕಿದರೆ ದೂರ ಹೊಡೆಯುತ್ತೆ’ ಎನ್ನುವ ಹಳ್ಳಿಯ ನಂಬಿಕೆ ಎಷ್ಟೋ ಕೈಬೆರಳುಗಳನ್ನು, ಕಣ್ಣುಗಳನ್ನು ತೆಗೆದಿರುವುದು ಈ ಕಾರಣಕ್ಕೆ.

ಒತ್ತಡ ಎಂದರೆ ಎಷ್ಟು? ನಮ್ಮ ಕಡೆ ಕಾಣುವ ಜೋಡು ನಳಿಗೆಯ 12 ಬೋರ್ ಕೋವಿಯನ್ನೇ ತೆಗೆದುಕೊಳ್ಳಿ. ಅದರ ಸಾಮಾನ್ಯ ತೋಟಾಗೆ ಯುರೋಪಿನ ಮಾನಕ ಸಂಸ್ಥೆ ಹಾಕಿರುವ ಮಿತಿ 740 ಬಾರ್, ಅಂದರೆ ವಾತಾವರಣದ ಒತ್ತಡದ ಏಳುನೂರು ಪಟ್ಟಿಗೂ ಹೆಚ್ಚು. ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಆ ಅಡ್ಡಳತೆಯ ವೃತ್ತದ ಮೇಲೆ 740 ಬಾರ್ ಒತ್ತಿದರೆ ಎರಡು ಟನ್ ಭಾರ ಕೋವಿಯ ಹಿಂಬದಿಯನ್ನು ನೂಕಿದ ಹಾಗೆ. ಹಾರಿಸುವವನ ಕೆನ್ನೆಯಿಂದ ಗೇಣು ದೂರದಲ್ಲಿ ಇದು ನಡೆಯುತ್ತದೆ. ದೊಡ್ಡ ರೈಫಲ್ಲುಗಳಲ್ಲಿ ಒತ್ತಡ 4,000 ಬಾರ್ ಮುಟ್ಟುತ್ತದೆ.

ಈ ಲೆಕ್ಕಕ್ಕೆ ಬುನಾದಿ ಹಾಕಿದವನ ಕೊನೆಯುಸಿರು ಹೋದದ್ದು ನಮ್ಮ ನೆರೆಯಲ್ಲೇ ಎಂಬುದು ಹೆಚ್ಚು ಜನಕ್ಕೆ ತಿಳಿಯದು. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ತೋಪುವಿದ್ಯೆಯ ಹೊಸ ತತ್ತ್ವಗಳನ್ನು ವಿವರಿಸುವ ಪುಸ್ತಕ ಪ್ರಕಟಿಸಿದ. ಲಿಯೊನಾರ್ಡ್ ಆಯ್ಲರ್‌ನಂಥ ಮಹಾಗಣಿತಜ್ಞ ಮೂರೇ ವರ್ಷದಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದು ಟಿಪ್ಪಣಿ ಬರೆದ. ಮುಂದೆ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಕೋಟೆಗಳನ್ನು ಭದ್ರಪಡಿಸಲು ಮದರಾಸು ಸೀಮೆಗೆ ಬಂದ. 1751ರ ಜುಲೈನಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ರಾಬಿನ್ಸ್ ಮಾಡಿದ್ದು ಸರಳ ಸಾಧನ. ಮರದ ದಪ್ಪ ದಿಮ್ಮಿಯೊಂದನ್ನು ಲೋಲಕದಂತೆ ತೂಗುಬಿಟ್ಟು ಅದಕ್ಕೆ ಗುಂಡು ಹಾರಿಸುವುದು. ಗುಂಡು ದಿಮ್ಮಿಯಲ್ಲಿ ಹೂತುಕೊಂಡು ಅದನ್ನು ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತು ಎಂದು ಅಳೆದರೆ ಗುಂಡಿನ ವೇಗ ತಿಳಿಯುತ್ತದೆ. ಪೌಂಡಿಗೆ 12 ಗುಂಡು ತೂಗುವಂಥ ಸೀಸದ ಉಂಡೆ, ಅಂದರೆ ಒಂದೊಂದು ಸುಮಾರು 38 ಗ್ರಾಂ, ಅವನ ಪ್ರಯೋಗದಲ್ಲಿ ಇತ್ತು. ನಾವು 12 ಬೋರ್ ಎನ್ನುವ ಅಳತೆಯೂ ಅದರದೇ. ಆ ಗುಂಡು ಸೆಕೆಂಡಿಗೆ 500 ಮೀಟರ್ ವೇಗದಲ್ಲಿ 25 ಕಿಲೋ ದಿಮ್ಮಿಗೆ ಹೊಕ್ಕರೆ ದಿಮ್ಮಿ ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗದಲ್ಲಿ ತೂಗಿ, ಸುಮಾರು 3 ಸೆಂಟಿಮೀಟರ್ ಮೇಲೇರುತ್ತದೆ. ಹೈಸ್ಕೂಲು ಹುಡುಗರೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕ. ಕಣ್ಣಿಗೆ ಕಾಣದ ವೇಗ ಕಣ್ಣಿಗೆ ಕಾಣುವ ಮೂರು ಸೆಂಟಿಮೀಟರ್ ಆಯಿತು. ಬೇರೆ ಬೇರೆ ದೂರದಲ್ಲಿ ದಿಮ್ಮಿ ಇಟ್ಟು ಹಾರಿಸಿದಾಗ ಗಾಳಿ ಗುಂಡನ್ನು ಎಷ್ಟು ಹಿಡಿದೆಳೆಯುತ್ತದೆ ಎಂಬುದೂ ಗೊತ್ತಾಯಿತು. ಆ ವೇಗದಲ್ಲಿ ಗಾಳಿಯ ತಡೆ ಗುಂಡಿನ ತೂಕದ ಸುಮಾರು ನೂರು ಪಟ್ಟು! ಅಲ್ಲಿಯವರೆಗೆ ತೋಪುವಿದ್ಯೆಯ ಪಂಡಿತರಲ್ಲಿ ಹೆಚ್ಚಿನವರು ಗಾಳಿಯನ್ನು ಲೆಕ್ಕಕ್ಕೇ ಹಿಡಿಯದೆ ಗುಂಡಿನ ದಾರಿಯನ್ನು ಚಂದದ ಪರವಲಯವೆಂದು ಬರೆಯುತ್ತಿದ್ದರು.

ರಾಬಿನ್ಸ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ನಮ್ಮ ಸೀಮೆ ಮದ್ದಿನ ವಾಸನೆಯಲ್ಲಿ ಮುಳುಗಿತು. 1687ರಿಂದ ಮೊಗಲರ ಸುಬಾದ ಕೇಂದ್ರವಾಗಿದ್ದ ಸಿರಾ 1761ರಲ್ಲಿ ಹೈದರಾಲಿಯ ಕೈಸೇರಿತು. 1763ರಲ್ಲಿ ಅವನು ಬಿದನೂರು ಗೆದ್ದು ರಾಣಿ ವೀರಮ್ಮಾಜಿಯನ್ನು ತಂದು ಮಧುಗಿರಿ ಕೋಟೆಯಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿ ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ರಾಣಿ ಕಳೆದುಕೊಂಡ ಆ ಬಿದನೂರೇ ಇವತ್ತಿನ ನಗರ. ಅಲ್ಲಿನ ಪಾಳುಬಾವಿಯೊಂದರಲ್ಲಿ 2002ರಲ್ಲಿ ನೂರೈವತ್ತಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. 2018ರಲ್ಲಿ ಪುರಾತತ್ತ್ವ ಇಲಾಖೆ ಅದೇ ಬಾವಿ ಅಗೆಸಿದಾಗ ಇನ್ನೂ ಸಾವಿರಕ್ಕೂ ಮಿಕ್ಕಿ ಸಿಕ್ಕವು. ಅವು ಮೈಸೂರು ರಾಕೆಟ್ಟುಗಳು.

ಆ ರಾಕೆಟ್ಟುಗಳ ಹಿರಿಮೆ ಬೆಂಕಿಯಲ್ಲಿ ಇರಲಿಲ್ಲ, ಕಬ್ಬಿಣದಲ್ಲಿ ಇತ್ತು. ಕಾಗದದ, ಬಿದಿರಿನ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣದ ಕೊಳವೆ ತಡೆಯಿತು. ಆದ್ದರಿಂದ ಒಳಗೆ ಮದ್ದು ಗಟ್ಟಿಯಾಗಿ ತುಂಬಬಹುದಿತ್ತು, ಹೆಚ್ಚು ಒತ್ತಡದಲ್ಲಿ ಉರಿಸಬಹುದಿತ್ತು, ಹೆಚ್ಚು ದೂರ ಕಳಿಸಬಹುದಿತ್ತು. ಪಾವಗಡದ ಗಡಿ ದಾಟಿದರೆ ಸಿಗುವ ರೊದ್ದಂ ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತಿದ್ದ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರಿನ ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಕಬ್ಬಿಣದ ಮಹತ್ವವನ್ನು ಎತ್ತಿ ತೋರಿದರು. ನಮ್ಮ ಕಮ್ಮಾರರ ಕೈಯಲ್ಲಿ ವಿದ್ಯೆ ಇತ್ತು. ರಾಬಿನ್ಸ್‌ನಂತೆ ಅಳೆದು, ಬರೆದು, ಮುಂದಿನವರಿಗೆ ದಾಟಿಸುವ ಪುಸ್ತಕ ನಮ್ಮಲ್ಲಿ ಹುಟ್ಟಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ರಾಕೆಟ್ಟುಗಳು ಲಂಡನ್ನಿನ ವೂಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅವನ್ನು ಬಿಚ್ಚಿ ನೋಡಿ, ಪ್ರಯೋಗ ಮಾಡಿ, ಅಂಕಿ ಬರೆದಿಟ್ಟು ತನ್ನ ರಾಕೆಟ್ಟು ಕಟ್ಟಿದ. ವಿದ್ಯೆ ನಮ್ಮದು, ಹೆಸರು ಅವನದು. ಈ ನೋವು ನನಗೆ ಇವತ್ತಿಗೂ ಇದೆ.

ಅಳತೆಯಿಂದ ಸಾಫ್ಟ್‌ವೇರಿಗೆ ಬಂದ ದಾರಿಯೂ ಸೈನ್ಯದ್ದೇ. ಗಾಳಿಯ ತಡೆ ವೇಗದ ಜೊತೆ ಬದಲಾಗುತ್ತಲೇ ಇರುವುದರಿಂದ ಗುಂಡಿನ ದಾರಿಗೆ ಒಂದೇ ಸಾಲಿನ ಸೂತ್ರ ಸಿಗುವುದಿಲ್ಲ. ದಾರಿಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು. ಈ ಕ್ಷಣದ ವೇಗ ಇಷ್ಟು, ಆದ್ದರಿಂದ ತಡೆ ಇಷ್ಟು, ಆದ್ದರಿಂದ ಮುಂದಿನ ಕ್ಷಣದ ವೇಗ ಇಷ್ಟು. ಮತ್ತೆ ಅದೇ, ಮತ್ತೆ ಅದೇ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಗಣಿತ ಓದಿದ ಹೆಣ್ಣುಮಕ್ಕಳು ಯಂತ್ರದ ಗುಂಡಿ ಒತ್ತುತ್ತ ಈ ಹೆಜ್ಜೆಗಳನ್ನು ಕೂಡಿಸುತ್ತಿದ್ದರು. ಒಂದು ದಾರಿಯ ಲೆಕ್ಕಕ್ಕೆ ಸುಮಾರು 20 ಗಂಟೆ ಹಿಡಿಯುತ್ತಿತ್ತು. ತೋಪು ಒಂದಕ್ಕೆ ಅಂಥ ನೂರಾರು ದಾರಿ ಬೇಕು. ಈ ತಾಪತ್ರಯ ನೀಗಲೆಂದೇ ಕಟ್ಟಿದ ಯಂತ್ರ ‘ಎನಿಯಾಕ್’. 1946ರ ಫೆಬ್ರವರಿಯಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ 20 ಗಂಟೆಯ ಲೆಕ್ಕ ಅರ್ಧ ನಿಮಿಷಕ್ಕೆ ಇಳಿದಿತ್ತು. ನಮ್ಮ ಕಿಸೆಯಲ್ಲಿರುವ ಮೊಬೈಲು ಗುಂಡಿನ ಲೆಕ್ಕಕ್ಕಾಗಿ ಹುಟ್ಟಿದ ಆ ಯಂತ್ರದ ವಂಶದ್ದು.

ಇವತ್ತಿನ ರೀಲೋಡಿಂಗ್ ಸಾಫ್ಟ್‌ವೇರು ಇದೇ ಹೆಜ್ಜೆಲೆಕ್ಕವನ್ನು ನಳಿಗೆಯ ಒಳಗೆ ಮಾಡುತ್ತದೆ. ಸೆಕೆಂಡಿನ ಲಕ್ಷಾಂತರ ಚೂರುಗಳಲ್ಲಿ ಒಂದೊಂದನ್ನು ಹಿಡಿದು, ಈ ಚೂರಿನಲ್ಲಿ ಎಷ್ಟು ಮದ್ದು ಉರಿಯಿತು, ಅನಿಲ ಎಷ್ಟು, ಗುಂಡು ಎಷ್ಟು ಸರಿಯಿತು, ಜಾಗ ಎಷ್ಟು ಹಿಗ್ಗಿತು, ಒತ್ತಡ ಎಷ್ಟು ಎಂದು ಕೂಡುತ್ತ ಹೋಗುತ್ತದೆ. ಅದಕ್ಕೆ ಆಹಾರ ನಾವು ಕೊಡುವ ಅಂಕಿಗಳು. ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಇದರ ಸೂಕ್ಷ್ಮ ಅರ್ಥವಾಗುತ್ತದೆ.

ಹಿತ್ತಾಳೆ ಕೇಸಿನ ಒಳಗಿನ ಜಾಗ ಎಷ್ಟು ಎಂದು ಸಾಫ್ಟ್‌ವೇರು ಕೇಳುತ್ತದೆ. ಇದನ್ನು ತಿಳಿಯಲು ಹವ್ಯಾಸಿಗಳು ಹಾರಿಸಿದ ಖಾಲಿ ಕೇಸನ್ನು ತಕ್ಕಡಿಯಲ್ಲಿ ತೂಗುತ್ತಾರೆ. ಆಮೇಲೆ ಅದರ ಬಾಯಿಮಟ್ಟ ನೀರು ತುಂಬುತ್ತಾರೆ. ನೀರಿನ ಮೇಲ್ಮೈ ಉಬ್ಬಬಾರದು, ತಗ್ಗಬಾರದು. ಒಳಗೆ ಗಾಳಿಗುಳ್ಳೆ ನಿಂತಿರಬಾರದು. ಹೊರಮೈಗೆ ಹನಿ ಅಂಟಿದ್ದರೆ ಒರೆಸಬೇಕು. ಮತ್ತೆ ತೂಗಿ, ಎರಡರ ವ್ಯತ್ಯಾಸ ಬರೆದುಕೊಳ್ಳುತ್ತಾರೆ. ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಒಂದೇ ಅಳತೆಯ ತೋಟಾ ಆದರೂ ಒಂದು ಕಂಪನಿಯ ಹಿತ್ತಾಳೆ ದಪ್ಪ, ಇನ್ನೊಂದರದು ತೆಳು. ದಪ್ಪ ಹಿತ್ತಾಳೆಯೊಳಗೆ ಜಾಗ ಕಡಿಮೆ. ಜಾಗ ಕಡಿಮೆಯಾದರೆ ಅದೇ ಮದ್ದು ಹೆಚ್ಚು ಒತ್ತಡ ಎಬ್ಬಿಸುತ್ತದೆ. ಪರದೆಯ ಮೇಲೆ ಬಂದ ಉತ್ತರ ತೆಳು ಕೇಸಿನದಾಗಿದ್ದು ಕೈಯಲ್ಲಿರುವುದು ದಪ್ಪ ಕೇಸಾದರೆ ಲೆಕ್ಕ ಸರಿಯಿದ್ದೂ ಉತ್ತರ ಸುಳ್ಳು. ಸಣ್ಣ ಪಿಸ್ತೂಲಿನ ತೋಟಾದಲ್ಲಂತೂ ಗುಂಡು ಒಂದೆರಡು ಮಿಲಿಮೀಟರ್ ಹೆಚ್ಚು ಒಳಗೆ ಕೂತರೆ ಸಾಕು, ಒತ್ತಡ ಮಿತಿ ದಾಟಬಹುದು.

ಇಷ್ಟೆಲ್ಲ ಅಳೆದು ಕೊಟ್ಟರೂ ಸಾಫ್ಟ್‌ವೇರಿಗೆ ತಿಳಿಯದ ಸಂಗತಿಗಳು ಉಳಿದೇ ಉಳಿಯುತ್ತವೆ. ಒಂದೇ ಹೆಸರಿನ ಮದ್ದು ಈ ವರ್ಷದ ಡಬ್ಬಿಯಲ್ಲಿ ಒಂದು ವೇಗ, ಮುಂದಿನ ವರ್ಷದ ಡಬ್ಬಿಯಲ್ಲಿ ಬೇರೆ ವೇಗದಲ್ಲಿ ಉರಿಯಬಹುದು. ಕೇಪಿನ ಕಿಡಿ ಬೇರೆಯಾಗಬಹುದು. ನಳಿಗೆಯ ಬುಡ ಸವೆದಿರಬಹುದು. ಗುಂಡನ್ನು ಹಿತ್ತಾಳೆ ಹಿಡಿದಿರುವ ಬಿಗಿ ಹೆಚ್ಚುಕಡಿಮೆ ಇರಬಹುದು. ಮದ್ದು ತಯಾರಿಸುವ ಕಂಪನಿಗಳು ಕೈಪಿಡಿ ಹೊರತರುವಾಗ ಒತ್ತಡ ಸೋಕಿದರೆ ವಿದ್ಯುತ್ ಹೊಮ್ಮಿಸುವ ಹರಳನ್ನು ಪರೀಕ್ಷಾ ನಳಿಗೆಗೆ ಕೂರಿಸಿ, ನಿಜವಾಗಿ ಹಾರಿಸಿ, ಒತ್ತಡ ಅಳೆದು ಮಿತಿ ಬರೆಯುತ್ತವೆ. ಮನೆಯಲ್ಲಿ ತುಂಬುವವನಿಗೆ ಅಂಥ ಸಾಧನ ಇರುವುದಿಲ್ಲ. ಅವನ ಬಳಿ ಇರುವುದು ಕ್ರೋನೋಗ್ರಾಫ್, ಗುಂಡಿನ ವೇಗ ಅಳೆಯುವ ಪೆಟ್ಟಿಗೆ. ರಾಬಿನ್ಸ್‌ನ ದಿಮ್ಮಿ ಮಾಡುತ್ತಿದ್ದ ಕೆಲಸವನ್ನೇ ಇದು ಬೆಳಕಿನಿಂದಲೋ ರಾಡಾರ್‌ನಿಂದಲೋ ಮಾಡುತ್ತದೆ. ಸಾಫ್ಟ್‌ವೇರು ಹೇಳಿದ ವೇಗಕ್ಕಿಂತ ಅಳೆದ ವೇಗ ಹೆಚ್ಚು ಬಂದರೆ ಒಳಗಿನ ಒತ್ತಡವೂ ಹೇಳಿದ್ದಕ್ಕಿಂತ ಹೆಚ್ಚಿದೆ ಎಂದು ತಿಳಿದು ಅಲ್ಲೇ ನಿಲ್ಲಬೇಕು. ಬಲ್ಲವರು ಸಾಫ್ಟ್‌ವೇರನ್ನು ಬಳಸುವುದು ಹೀಗೆ: ಕಂಪನಿಯ ಕೈಪಿಡಿ ಮುಂದೆ, ಸಾಫ್ಟ್‌ವೇರು ಅದರ ಹಿಂದೆ, ಕ್ರೋನೋಗ್ರಾಫ್ ಎರಡಕ್ಕೂ ಸಾಕ್ಷಿ. ಕೈಪಿಡಿ ಮೀರಿ ಹೋಗಲು ಸಾಫ್ಟ್‌ವೇರು ಅನುಮತಿಪತ್ರವಲ್ಲ. ತೀರಾ ಕಡಿಮೆ ಹಾಕಿದರೆ ಅಪಾಯವಿಲ್ಲ ಎಂಬುದೂ ತಪ್ಪು. ನಿಧಾನ ಉರಿಯುವ ಮದ್ದನ್ನು ದೊಡ್ಡ ಕೇಸಿನಲ್ಲಿ ತೀರಾ ಕಡಿಮೆ ಹಾಕಿದಾಗಲೂ ರೈಫಲ್ಲುಗಳು ಸೀಳಿದ್ದುಂಟು.

ನಮ್ಮ ಬಿಸಿಲಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಪಾವಗಡದ ಬಂಡೆಗಳು ರಾತ್ರಿಯೂ ಆರುವುದಿಲ್ಲ. ಗಾಜು ಮುಚ್ಚಿದ ಜೀಪಿನೊಳಗೆ ಹೊರಗಿಗಿಂತ ಎಷ್ಟೋ ಹೆಚ್ಚು ಕಾವು. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ. ತಂಪು ದೇಶದಲ್ಲಿ ಮಿತಿಯ ಅಂಚಿಗೆ ತಂದು ತುಂಬಿದ ತೋಟಾ ಇಲ್ಲಿನ ಬಿಸಿಲಲ್ಲಿ ಮಿತಿ ದಾಟುತ್ತದೆ. ಸಾಫ್ಟ್‌ವೇರುಗಳಲ್ಲಿ ತಾಪಮಾನದ ಖಾನೆ ಸುಮ್ಮನೆ ಇಟ್ಟದ್ದಲ್ಲ. ಕಾರ್ಖಾನೆಯ ತೋಟಾ ಬಳಸುವವರಿಗೂ ಇದು ಅನ್ವಯ: ತೋಟಾವನ್ನು ಬಿಸಿಲಲ್ಲಿ, ಗಾಡಿಯ ಮುಂಭಾಗದಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು.

ಗುಂಡು ನಳಿಗೆ ಬಿಟ್ಟ ಮೇಲಿನ ಲೆಕ್ಕ ಬೇರೆ. ಅದು ಇಷ್ಟು ಅಪಾಯಕಾರಿಯಲ್ಲ, ಅದಕ್ಕೆ ಬೇಕಾದ ಉಚಿತ ಆ್ಯಪುಗಳೂ ಇವೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 100 ಮೀಟರ್ ಹೋಗುವಷ್ಟರಲ್ಲಿ ಸುಮಾರು 8 ಸೆಂಟಿಮೀಟರ್ ಕೆಳಗಿಳಿಯುತ್ತದೆ. 300 ಮೀಟರಿಗೆ ಗಾಳಿಯನ್ನು ಲೆಕ್ಕಿಸದಿದ್ದರೂ 69 ಸೆಂಟಿಮೀಟರ್, ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ಗಾಳಿಯ ದಟ್ಟಣೆಯೂ ಊರಿಂದೂರಿಗೆ ಬೇರೆ. ಸಿರಾ, ಪಾವಗಡಗಳು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿವೆ. 35 ಡಿಗ್ರಿ ಬಿಸಿಲಿನ ದಿನ ಇಲ್ಲಿನ ಗಾಳಿ ಸಮುದ್ರಮಟ್ಟದ ತಂಪು ಗಾಳಿಗಿಂತ ನೂರಕ್ಕೆ 13ರಷ್ಟು ತೆಳುವಾಗಿರುತ್ತದೆ. ದೂರದ ಗುರಿಗೆ ಹೊಡೆಯುವ ಕ್ರೀಡಾಪಟುಗಳು ಈ ಅಂಕಿಯಿಲ್ಲದೆ ಸ್ಪರ್ಧೆಗೆ ಇಳಿಯುವುದಿಲ್ಲ. ಭೌತಶಾಸ್ತ್ರ ಕಲಿಸುವ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಧಾರಾಳವಾಗಿ ಬಳಸಬಹುದು. ಕೋವಿ ಬೇಕಿಲ್ಲ, ಗುಂಡು ಬೇಕಿಲ್ಲ, ಒಂದು ಸ್ಪ್ರೆಡ್‌ಶೀಟಿನಲ್ಲಿ ಹೆಜ್ಜೆಲೆಕ್ಕ ಕೂಡಿಸುತ್ತ ಹೋದರೆ ಎನಿಯಾಕ್ ಮಾಡಿದ ಕೆಲಸ ಪಿಯುಸಿ ಹುಡುಗಿಯ ಕೈಯಲ್ಲಿ ಆಗುತ್ತದೆ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್‌ನಲ್ಲಿ ಇಸ್ರೊ ತನ್ನ ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟು ರನ್‌ವೇ ಮೇಲೆ ತಾನೇ ಇಳಿಯುವಂತೆ ಮಾಡಿತಲ್ಲ, ಅದರ ಕಂಪ್ಯೂಟರಿಗೂ ವೇಗ, ಗಾಳಿಯ ತಡೆ, ಮುಂದಿನ ಹೆಜ್ಜೆ ಎಂಬ ಈ ಲೆಕ್ಕ ತಪ್ಪಿದ್ದಲ್ಲ.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಇದೆಯೆಂದು ಮನೆಯಲ್ಲಿ ತೋಟಾ ತಯಾರಿಸಲು ಕೂರುವಂತಿಲ್ಲ. ಕಾರ್ಖಾನೆಯ 12 ಬೋರ್ ತೋಟಾಗಳು ಪುಣೆಯ ಖಡ್ಕಿಯಿಂದ ‘ಶಕ್ತಿಮಾನ್’ ಹೆಸರಿನಲ್ಲಿ ಬಹುಕಾಲದಿಂದ ಬರುತ್ತಿವೆ. ಲೈಸೆನ್ಸಿನಲ್ಲಿ ಬರೆದಷ್ಟನ್ನು ಅಧಿಕೃತ ಅಂಗಡಿಯಿಂದ ಕೊಳ್ಳುವುದೇ ದಾರಿ. ಕೊಳ್ಳುವಾಗಲೂ ಒಂದು ವಿಷಯ ನೋಡಬೇಕು. ತಾತನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ ಕೋವಿಗಳ ತೋಟಾಕೋಣೆ 65 ಮಿಲಿಮೀಟರಿನದು. ಅದರಲ್ಲಿ 70 ಮಿಲಿಮೀಟರಿನ ತೋಟಾ ಸಲೀಸಾಗಿ ಕೂರುತ್ತದೆ, ಏಕೆಂದರೆ ಮಡಿಸಿದ ಬಾಯಿ ಇನ್ನೂ ಬಿಚ್ಚಿರುವುದಿಲ್ಲ. ಹಾರಿಸಿದಾಗ ಆ ಬಾಯಿ ಬಿಚ್ಚಿಕೊಂಡು ಚರೆಯ ದಾರಿಯನ್ನು ಇರುಕುಮಾಡುತ್ತದೆ, ಒತ್ತಡ ಏರುತ್ತದೆ. ನಳಿಗೆಯ ಬುಡದಲ್ಲಿ ಕೆತ್ತಿರುವ ಅಂಕಿಯನ್ನು ಬಲ್ಲವರಿಗೆ ತೋರಿಸದೆ ತೋಟಾ ಕೊಳ್ಳಬೇಡಿ.

ಕೋವಿ ಇದ್ದಮಾತ್ರಕ್ಕೆ ಪ್ರಾಣಿಯ ಮೇಲೆ ಹಾರಿಸುವ ಹಕ್ಕು ಬರುವುದಿಲ್ಲ ಎಂಬುದೂ ನೆನಪಿರಲಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಜಯಮಂಗಲಿ ಸಂರಕ್ಷಿತ ಪ್ರದೇಶವಿದೆ. ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರಗಳಿಗಾಗಿ ವನ್ಯಧಾಮ ಘೋಷಣೆಯಾಗಿದೆ. ಹಂದಿಯೇ ಆದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಂದರೆ ಅಪರಾಧ. ಹಂದಿಗೆಂದು ಹಿಟ್ಟಿನಲ್ಲಿ ಸಿಡಿಮದ್ದು ಸುತ್ತಿಡುವುದಂತೂ ಘೋರ. ಅದನ್ನು ಕಚ್ಚಿ ದವಡೆ ಛಿದ್ರವಾದ ಹಸುಗಳ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ. ಆ ಸಂಕಟಕ್ಕೆ ಬೇಕಾದದ್ದು ಬೇಗ ಸಿಗುವ ಪರಿಹಾರ ಮತ್ತು ಸೋಲಾರ್ ಬೇಲಿಗೆ ಸಹಾಯಧನ.

2016ರ ಆಯುಧ ನಿಯಮಗಳು ಲೈಸೆನ್ಸ್ ಕೇಳುವವರಿಗೆ ಆಯುಧ ಸುರಕ್ಷತೆಯ ತರಬೇತಿಯನ್ನು ವಿಧಿಸಿವೆ. ಆ ತರಬೇತಿಯಲ್ಲಿ ನಳಿಗೆಯೊಳಗಿನ ಒತ್ತಡದ ಪಾಠವೊಂದು ಇರಲಿ, ಕನ್ನಡದಲ್ಲಿ ಇರಲಿ. ಒಂದು ಚಿಟಿಕೆ ಹೆಚ್ಚಿದರೆ ಏನಾಗುತ್ತದೆ, ಬಿಸಿಲಲ್ಲಿ ಇಟ್ಟ ತೋಟಾ ಹೇಗೆ ವರ್ತಿಸುತ್ತದೆ ಎಂಬುದನ್ನು ಸಾಫ್ಟ್‌ವೇರಿನ ಪರದೆಯ ಮೇಲೆಯೇ ತೋರಿಸಬಹುದು. ಬಾಯಿಮಾತಿನ ಎಚ್ಚರಿಕೆಗೆ ತಲೆದೂಗಿ ಮರೆಯುವವರೂ ಪರದೆಯ ಮೇಲೆ ಮೇಲಕ್ಕೆ ಚಿಮ್ಮುವ ಒತ್ತಡದ ಗೆರೆ ನೋಡಿದರೆ ಮರೆಯುವುದಿಲ್ಲ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಜಿಲ್ಲಾ ಪೊಲೀಸ್ ಇಲಾಖೆ ಮನಸ್ಸು ಮಾಡಿದರೆ ಒಂದು ಮಧ್ಯಾಹ್ನದ ಪಾಠಕ್ಕೆ ಬೇಕಾದ ಸಾಮಗ್ರಿ ಸಿದ್ಧವಾಗುತ್ತದೆ. ಅಲ್ಲಿಯವರೆಗೆ, ಮನೆಯಲ್ಲಿ ಕೇಪಿನ ಕೋವಿ ಇರುವವರು ಅದನ್ನು ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತೋರಿಸಿ ನಳಿಗೆ ಪರೀಕ್ಷೆ ಮಾಡಿಸಿ. ಸವೆದಿದೆ ಎಂದು ಅವರು ಹೇಳಿದರೆ ಠಾಣೆಗೆ ಒಪ್ಪಿಸಿಬಿಡಿ.